ಗುರುವಾರದ ರವೆ ನ್ಯೋಕ್ಕಿ

ಹದಿನಾಲ್ಕು ವರ್ಷ ನನ್ನ ಅತ್ತೆ ಕಾಂತಮ್ಮ ನನ್ನ ಕೈಯಡುಗೆ ಮುಟ್ಟಿರಲಿಲ್ಲ. ಮುಟ್ಟುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವರೂ ಅಲ್ಲ. ನಂಜನಗೂಡಿಗೆ ಹೋದಾಗಲೆಲ್ಲ "ಕೂತ್ಕೋಮ್ಮ, ಪ್ರಯಾಣ ಮಾಡಿ ಬಂದಿದ್ದೀಯ" ಎಂದು ಅಡುಗೆಮನೆಯ ಈಚೆಗೇ ಕೂರಿಸುತ್ತಿದ್ದರು. ಹತ್ತು ದಿನ ಇದ್ದರೆ ಹತ್ತು ದಿನವೂ ನಾನು ಪ್ರಯಾಣ ಮಾಡಿ ಬಂದವಳೇ. ನಾನು ಮಾಂಸ ಬೇಯುವ ಮನೆಯಲ್ಲಿ ಹುಟ್ಟಿದವಳು. ಮದುವೆಯಾದ ಮೇಲೆ ಒಂದು ದಿನವೂ ತಿಂದಿಲ್ಲ. ಅದು ಯಾರ ಗಮನಕ್ಕೂ ಬಂದಂತಿರಲಿಲ್ಲ.

ಈ ಚಳಿಗಾಲ ಅವರು ವಿಸಿಟ್ ವೀಸಾದಲ್ಲಿ ಗಲ್ಫಿಗೆ, ಎಗೈಲಾದ ನಮ್ಮ ಫ್ಲ್ಯಾಟಿಗೆ ಬಂದಾಗ ಸೂಟ್‌ಕೇಸಿನಲ್ಲಿ ಒಂದು ಕುಕ್ಕರ್, ಎರಡು ಪಾತ್ರೆ, ಒಂದು ಸೌಟು ಇದ್ದವು. ಒಲೆಯ ಎಡಗಡೆಯ ಬರ್ನರ್ ಅವರದಾಯಿತು. ನಾನು ಆ ಕಡೆ ಕೈ ಚಾಚದಂತೆ ಎಚ್ಚರದಲ್ಲಿರುತ್ತಿದ್ದೆ.

ಜಾಬ್ರಿಯಾದ ಕ್ಲಿನಿಕ್ಕೊಂದರಲ್ಲಿ ನಾನು ರೋಗಿಗಳ ದಾಖಲೆ ನೋಡಿಕೊಳ್ಳುತ್ತೇನೆ. ಅಲ್ಲಿನ ಫಿಸಿಯೋಥೆರಪಿಸ್ಟ್ ಫ್ರಾಂಕಾ ರೋಮಿನವಳು. ಅವಳ ಅಜ್ಜಿಯ ಮನೆಯಲ್ಲಿ ಗುರುವಾರವೆಂದರೆ ನ್ಯೋಕ್ಕಿ ಎಂಬ ತಿಂಡಿಯಂತೆ. ಅವಳು ನನಗೆ ಕಲಿಸಿದ್ದು ರವೆಯದು. ಹಾಲು ಕುದಿಯುವಾಗ ಜಾಯಿಕಾಯಿ ತುರಿದು ಹಾಕಿ, ರವೆಯನ್ನು ಸಣ್ಣಗೆ ಸುರಿಯುತ್ತ, ಮುದ್ದೆ ತಳ ಬಿಡುವವರೆಗೂ ತಿರುವಬೇಕು. ಬೆಣ್ಣೆ ಸವರಿದ ತಟ್ಟೆಗೆ ಹರಡಿ, ಆರಿದ ಮೇಲೆ ಲೋಟದ ಬಾಯಿಂದ ಬಿಲ್ಲೆ ಕತ್ತರಿಸಿ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಜೋಡಿಸಬೇಕು. ಮೇಲೆ ಬೆಣ್ಣೆ, ತುರಿದ ಚೀಸ್. ಆಮೇಲೆ ಓವನ್. ಮೊಟ್ಟೆಯ ಹಳದಿ ಹಾಕುವುದಿಲ್ಲ ಎಂದಾಗ ಫ್ರಾಂಕಾ ನಿಟ್ಟುಸಿರಿಟ್ಟು ಒಪ್ಪಿದಳು. ಚೀಸ್ ವಿಷಯಕ್ಕೆ ಮಾತ್ರ ಒಪ್ಪಲಿಲ್ಲ. ಅವಳು ಹೇಳುವ ಅಸಲಿ ಪಾರ್ಮೆಸಾನ್ ಚೀಸ್ ಮಾಡಲು ಹಾಲು ಒಡೆಯಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪಿನಿಂದ. ನಾನು ನಾಲ್ಕು ಅಂಗಡಿ ಸುತ್ತಿ, ಲೇಬಲ್ಲುಗಳ ಸಣ್ಣ ಅಕ್ಷರ ಓದಿ, ಅದಿಲ್ಲದ ಒಂದು ಚೀಸ್ ಹುಡುಕಿಕೊಂಡೆ. "ಅದು ಚೀಸಲ್ಲ, ಸೋಪು" ಎಂದಳು ಫ್ರಾಂಕಾ.

ಅತ್ತೆ ಗುರುವಾರ ರಾಯರಿಗೆಂದು ಅನ್ನ ಬಿಡುತ್ತಾರೆ, ರಾತ್ರಿಗೆ ಏನಾದರೂ ರವೆಯ ಫಲಾಹಾರ. ಬಂದ ಮೊದಲ ಗುರುವಾರ ಓವನ್ನಿನಿಂದ ತಟ್ಟೆ ತೆಗೆಯುವಾಗ ನನ್ನ ಹಿಂದೆಯೇ ಬಂದು ನಿಂತರು.

"ಏನಮ್ಮ ಅದು, ಹಾಲುಬಾಯಿ ಥರ ಇದೆ?"

"ರವೆ ಅತ್ತೆ. ಹಾಲಲ್ಲಿ ಬೇಯ್ಸಿದ್ದು. ಇಟಲಿಯವ್ರದ್ದು."

"ನೀರು ಹಾಕಿಲ್ವಾ?"

"ಒಂದು ತೊಟ್ಟೂ ಇಲ್ಲ."

ಅವರು ತಟ್ಟೆಯ ಕಡೆ ಬಗ್ಗಿದರು. "ನೀರಲ್ಲಿ ಬೆಂದ್ರೆ ಮುಸುರೆ, ಹಾಲಲ್ಲೇ ಬೆಂದಿದ್ರೆ ಇಲ್ಲ ಬಿಡು. ನಮ್ಮ ಕಡೇದೂ ಅಲ್ಲ, ನಿಮ್ಮ ಕಡೇದೂ ಅಲ್ಲ. ಎರಡು ಹಾಕು."

ನಾಲ್ಕು ತಿಂದರು. ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಮುಂದಿನ ವಾರಕ್ಕೆ ಚೀಸ್ ಮುಗಿದಿತ್ತು. ಗಂಡ ಗುರುಕಿರಣ್ ಶರ್ಕ್ ಬಡಾವಣೆಯ ಬ್ಯಾಂಕಿನಲ್ಲಿದ್ದಾನೆ. ಚೀಸಿನ ಹೆಸರು ಬರೆದು, ಹಳೆಯ ಪ್ಯಾಕೆಟ್ಟಿನ ಫೋಟೋ ಕಳಿಸಿದೆ. ನಾನು ಮನೆಗೆ ಬರುವಷ್ಟರಲ್ಲಿ ತುರಿದ ಚೀಸ್ ಸ್ಟೀಲ್ ಡಬ್ಬದಲ್ಲಿ ಫ್ರಿಜ್ ಸೇರಿತ್ತು. ಎಂದೂ ಒಂದು ಲೋಟ ಎತ್ತಿಡದವನು ಡಬ್ಬಕ್ಕೆ ಹಾಕಿಟ್ಟನಲ್ಲ ಎಂದು ಸಂತೋಷಪಟ್ಟೆ. ಎರಡು ಗುರುವಾರ ಅದರಲ್ಲೇ ಮಾಡಿದೆ. ಅತ್ತೆ ಈಗ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಉಳಿದ ನಾಲ್ಕು ಬಿಲ್ಲೆ ಭಾನುವಾರ ಫ್ರಾಂಕಾಗೆ ಒಯ್ದೆ. ಅವಳು ಒಂದು ಕಚ್ಚಿ ಕಣ್ಣು ಮುಚ್ಚಿದಳು. "ಕೊನೆಗೂ ಅಸಲಿ ಚೀಸ್ ಹಾಕಿದೆ. ಇದು ನಮ್ಮಜ್ಜಿಯ ರುಚಿ," ಎಂದಳು.

ಸಂಜೆ ಕಿರಣ್‌ನನ್ನು ಬಾಲ್ಕನಿಗೆ ಕರೆದು ಕೇಳಿದೆ.

"ನೀನು ಹೇಳಿದ್ದು ಅಲ್ಲಿರಲಿಲ್ಲ. ಕೌಂಟರಲ್ಲಿ ಇದ್ದಿದ್ದು ತುರಿಸ್ಕೊಂಡು ಬಂದೆ."

"ಪ್ಯಾಕೆಟ್ ಯಾಕೆ ಬಿಸಾಕಿದೆ?"

"ಇಟ್ಟಿದ್ರೆ ನೀನು ಓದ್ತಿದ್ದೆ. ಆಮೇಲೆ ನಾನು ಮತ್ತೆ ಕಾರ್ ತೆಗೀಬೇಕಿತ್ತು."

"ಗೊತ್ತಿದ್ದೇ ಮಾಡಿದ್ದಾ?"

"ಚೀಸ್ ಚೀಸೇ, ಶರಣ್ಯಾ. ಇನ್ನು ಹನ್ನೊಂದು ದಿನ. ಅಮ್ಮ ಊರಿಗೆ ಹೋಗ್ತಾರೆ, ಖಲಾಸ್. ಅವ್ರ ನೆಮ್ಮದಿ ಯಾಕೆ ಕೆಡಿಸ್ತೀಯ?"

ಮೂರು ದಿನ ಸುಮ್ಮನಿದ್ದೆ. ಸರಿಯಾದ ಚೀಸ್ ತಂದು ಏನೂ ಆಗದ ಹಾಗೆ ಮುಂದುವರಿಯಬಹುದಿತ್ತು. ಆದರೆ ಇಷ್ಟು ವರ್ಷ ಅತ್ತೆ ನನ್ನ ಮೇಲೆ ಪಟ್ಟ ಅನುಮಾನ ಸುಳ್ಳಾಗಿತ್ತು. ಗೊತ್ತಿದ್ದೂ ಮುಚ್ಚಿಟ್ಟರೆ ಅದು ನಿಜವಾಗುತ್ತಿತ್ತು.

ಬುಧವಾರ ಸಂಜೆ ಅತ್ತೆ ಕಡಲೆಕಾಯಿ ಬಿಡಿಸುತ್ತ, "ನಾಳೆ ನಿನ್ನ ಬಿಲ್ಲೆ ಮಾಡ್ತೀಯಲ್ಲ, ಜಾಯಿಕಾಯಿ ಒಂಚೂರು ಜಾಸ್ತಿ ಇರ್ಲಿ" ಎಂದರು. ಕಿರಣ್ ಸೋಫಾದಲ್ಲಿ ಫೋನ್ ನೋಡುತ್ತಿದ್ದ. ಮಗಳು ಸಿಂಚನಾ ಹೋಂವರ್ಕ್ ಮಾಡುತ್ತಿದ್ದಳು. ನಾನು ಅತ್ತೆಯೆದುರು ನೆಲಕ್ಕೆ ಕೂತು ಎಲ್ಲ ಹೇಳಿದೆ. ಕರುವಿನ ಹೊಟ್ಟೆ ಎಂಬ ಮಾತನ್ನೂ ಬಿಡಲಿಲ್ಲ.

ಅತ್ತೆಯ ಕೈ ನಿಂತಿತು. "ಎರಡು ಗುರುವಾರವೂ?"

"ಎರಡೂ."

ಕಿರಣ್ ಫೋನ್ ಕೆಳಗಿಟ್ಟ. "ಅವಳಿಗೆ ಗೊತ್ತಿರ್ಲಿಲ್ಲಮ್ಮ. ಬೇಕೂಂತ ಮಾಡಿದ್ದಲ್ಲ."

ನನ್ನ ಪರವಾಗಿ ಮಾತಾಡುವವನ ದನಿ ಅದು. ಒಂದಕ್ಷರವೂ ಸುಳ್ಳಲ್ಲ. ಆ ಮಾತಿನಲ್ಲಿ ಚೀಸ್ ತಾನಾಗಿಯೇ ನಡೆದು ಮನೆಗೆ ಬಂದಿತ್ತು.

"ತಂದಿದ್ದು ಯಾರು ಅಂತಾನೂ ಹೇಳಿ, ರೀ," ಎಂದೆ.

"ನಾನೇ ತಂದೆ. ಅವಳು ಕೊಟ್ಟ ಲಿಸ್ಟಲ್ಲಿ ಇದ್ದದ್ದು ತಂದೆ."

ಫೋಟೋ ಇನ್ನೂ ಫೋನಿನಲ್ಲಿತ್ತು. ತೆರೆದು ಅತ್ತೆಯ ಮುಂದೆ ಹಿಡಿದೆ. ಅವರು ಅದರ ಕಡೆ ತಿರುಗಲಿಲ್ಲ.

"ಗಂಡಸು, ಅವನಿಗೇನು ತಿಳಿಯತ್ತೆ," ಎಂದರು, ದನಿ ಏರಿಸದೆ. "ಅಭ್ಯಾಸ ಇರೋರಿಗೆ ವಾಸನೇಲೇ ಗೊತ್ತಾಗ್ಬೇಕಿತ್ತು."

"ಅಜ್ಜೀ, ಇಟ್ಸ್ ಜಸ್ಟ್ ಚೀಸ್," ಎಂದಳು ಸಿಂಚನಾ.

"ನೀನು ಓದ್ಕೋ ಪುಟ್ಟಿ." ಅವರು ಎದ್ದು, ಬಿಡಿಸಿದ್ದ ಕಡಲೆಕಾಯಿಯನ್ನು ಅಲ್ಲೇ ಬಿಟ್ಟು, ತಲೆಗೆ ಸ್ನಾನ ಮಾಡಲು ಹೋದರು. ಕಿರಣ್ ನನ್ನ ಕಡೆ ನೋಡಿ, "ಹೇಳ್ಬೇಡ ಅಂದೆ ತಾನೆ?" ಎಂದ.

ಗುರುವಾರ ಅವರು ನೀರೂ ಕುಡಿಯಲಿಲ್ಲ. ಸಂಜೆ ಕಿರಣ್ ಅಡುಗೆಮನೆಗೆ ಬಂದು ಡಬ್ಬ ಅಲ್ಲಾಡಿಸಿ ನೋಡಿದ. "ಅಮ್ಮ ಹೇಗೂ ತಿನ್ನಲ್ಲ. ಇಷ್ಟು ಉಳಿದಿದೆ, ಮಾಡಿಬಿಡು. ಸಿಂಚನಾನೂ ಕೇಳ್ತಿದ್ಲು." ಮಗಳಿಗೋಸ್ಕರ ಮಾಡಿದೆ. ರವೆ ತಳ ಬಿಡುವವರೆಗೂ ತಿರುವಿದೆ.

ಅಪ್ಪ ಮಗಳು ತಿನ್ನುತ್ತಿರುವಾಗ ಕೋಣೆಯೊಳಗೆ ಅತ್ತೆಗೆ ಫೋನ್ ಬಂತು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕುತ್ತಾರೆ. ಊರಿನಿಂದ ಅವರ ತಂಗಿ.

"ಒಂದು ತಿಂಗಳಾಗ್ತಾ ಬಂತಲ್ಲಕ್ಕ, ಸೊಸೆ ಕೈಲಿ ಏನಾದ್ರೂ ತಿಂದ್ಯಾ?" ಎಂದು ತಂಗಿ ನಗುತ್ತ ಕೇಳಿದರು.

"ಇಲ್ಲ ಕಣೆ," ಎಂದರು ಅತ್ತೆ. "ನಾನ್ಯಾಕೆ ತಿನ್ಲಿ."

ಕಿರಣ್‌ಗೂ ಕೇಳಿಸಿತು. ತಟ್ಟೆಯ ಅಂಚಿಗೆ ಕೆಂಪಗೆ ಹಿಡಿದಿದ್ದ ಚೀಸನ್ನು ಚಮಚದಿಂದ ಕೆರೆದು, ಇನ್ನೊಂದು ಬಿಲ್ಲೆ ಹಾಕಿಕೊಂಡ.