ಅತ್ತೆಯ ರಬ್ಬರ್ ಬ್ಯಾಂಡ್ ಹೇಳಿದ ಸಾಕ್ಷಿ

ಮನೆಯ ಕಾರಿನ ಬಗ್ಗೆ ಮಾತನಾಡುವ ಅಧಿಕಾರ ಯಾರಿಗೆ? ಓಡಿಸುವವರಿಗೆ. ಹಿಂದೆ ಕೂತವರು ಬಾಯಿ ತೆರೆದರೆ "ನಿಂಗೇನು ಗೊತ್ತು, ಸುಮ್ನೆ ಕೂತ್ಕೋ" ಎನ್ನುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಅದರಿಂದ ಏನಾಗಲಿತ್ತು, ಹೇಗೆ ತಪ್ಪಿತು ಎಂದು ಹೇಳುತ್ತೇನೆ, ಸ್ವಲ್ಪ ಕಿವಿ ಕೊಡಿ.

ನಮ್ಮನೆಯವರದು ಸ್ಟಿಕ್ಕರ್ ಅಂಗಡಿ. ಕಂಡವರ ಗಾಡಿಗೆಲ್ಲ ಹುಲಿ, ಹದ್ದು ಅಂಟಿಸಿ ಚಂದ ಮಾಡುವವರಿಗೆ ನಮ್ಮ ಕಾರು ಮಾತ್ರ ಮಂಕಾಗಿ ಕಂಡಿತು. ಗೆಳೆಯನೊಬ್ಬನನ್ನು ಸೇರಿಸಿಕೊಂಡು ನಾಲ್ಕೂ ಸ್ಪ್ರಿಂಗ್‌ಗಳನ್ನು ಒಂದೊಂದು ಸುತ್ತು ಕತ್ತರಿಸಿದರು. ಕಾರು ನೆಲಕ್ಕೆ ತಗ್ಗಿತು.

"ನೋಡೇ, ಚಿರತೆ ಹೊಂಚು ಹಾಕ್ದಂಗಿದೆ!" ಎಂದರು.

"ನಂಗೇನೋ ಮೊಸಳೆ ಮಲಗ್ದಂಗೆ ಕಾಣ್ಸುತ್ತೆ ರೀ," ಎಂದೆ.

ನನ್ನ ಅತ್ತೆಗೆ ಮೂತ್ರಪಿಂಡ ಕೈಕೊಟ್ಟಿದೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು. ಹಿಂದಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ನಾನು, ಡಿಕ್ಕಿಯಲ್ಲಿ ಮಡಚುವ ಗಾಲಿಕುರ್ಚಿ, ಮುಂದೆ ನಮ್ಮನೆಯವರು. ಅತ್ತೆ ಇಪ್ಪತ್ತಾರು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿಲ್ಲ. ಎಲ್ಲರೂ ಹತ್ತಿದ ಮೇಲೆ ಬಾಗಿಲಿಗೆ ಎರಡು ಸಲ ತಟ್ಟಿ "ರೈಟ್!" ಅನ್ನುವವರೆಗೆ ಕಾರು ಹೊರಡುತ್ತಿರಲಿಲ್ಲ.

ಕಾರು ತಗ್ಗಿದ ಮೇಲೆ ಅತ್ತೆ ರೈಟ್ ಅನ್ನುವುದನ್ನು ನಿಲ್ಲಿಸಿದರು. ನಾವ್ಯಾರೂ ಅದನ್ನು ತಲೆಗೆ ಹಾಕಿಕೊಳ್ಳದೆ ಹೊರಟುಬಿಡುತ್ತಿದ್ದೆವು.

ಆಸ್ಪತ್ರೆಯ ದಾರಿಯಲ್ಲಿ ಸೇತುವೆ ಇಳಿದ ಕೂಡಲೇ ಒಂದು ತಿರುವು. ತಿರುವಿನ ನಡುವೆಯೇ ರಸ್ತೆಗೆ ಒಂದು ಉಬ್ಬು. ಅಲ್ಲಿ ಅತ್ತೆ ಪ್ರತಿ ಸಲವೂ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು.

"ಮಗಾ, ಬಾಲ ಅಲ್ಲಾಡ್ತಿದೆ ಕಣೋ. ಹಿಂದಿನ ಚಕ್ರ ಎಗರಿ ಪಕ್ಕಕ್ಕೆ ಬೀಳುತ್ತೆ."

"ಅಮ್ಮಾ, ನಿಂಗೆ ಸುಸ್ತು. ಅದಕ್ಕೇ ತಲೆ ಸುತ್ತೋದು."

"ಸುಸ್ತಾಗೋದು ವಾಪಸ್ ಬರುವಾಗ. ಬಾಲ ಹೋಗುವಾಗ್ಲೂ ಅಲ್ಲಾಡುತ್ತಲ್ಲೋ!"

ನಮ್ಮನೆಯವರು ಒಬ್ಬರೇ ಕಾರು ತೆಗೆದುಕೊಂಡು ಹೋಗಿ ಅದೇ ತಿರುವಿನಲ್ಲಿ ಮೂರು ಸಲ ಓಡಿಸಿ ಬಂದರು. ಏನೂ ಆಗಲಿಲ್ಲವಂತೆ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೂ ಅಮ್ಮನ ಸಮಾಧಾನಕ್ಕೆಂದು ಡಿಕ್ಕಿಯಲ್ಲಿ ಒಂದು ಮರಳಿನ ಚೀಲ ಇಟ್ಟರು. ಹಿಂದೆ ತೂಕ ಬಿದ್ದರೆ ಕಾರು ಗಟ್ಟಿಯಾಗಿ ಕೂರುತ್ತದೆ ಎಂಬ ಲೆಕ್ಕ. ರೋಗಕ್ಕಿಂತ ಮದ್ದೇ ಕೆಟ್ಟದಾಯಿತು. ಅದಾದ ಮೇಲೆ ಆಸ್ಪತ್ರೆಗೆ ಹೊರಟಾಗ ಮಳೆಯಿಂದ ರಸ್ತೆ ಒದ್ದೆಯಾಗಿತ್ತು. ಉಬ್ಬಿನ ಮೇಲೆ ಹಿಂಭಾಗ ಜಾರಿ ಎದುರಿನ ಸಾಲಿಗೆ ಹೋಯಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ, ಅದೇ ನಮ್ಮ ಪುಣ್ಯ. ನಮ್ಮನೆಯವರು ನೀರಿನ ಮೇಲೆ ತಪ್ಪು ಹಾಕಿದರು.

ಮುಂದಿನ ಸಲ ಅತ್ತೆ ಮಂಚ ಬಿಟ್ಟು ಏಳಲಿಲ್ಲ.

"ನಾ ಬರಲ್ಲ. ಸತ್ರೆ ಹಾಸಿಗೇಲಿ ಸಾಯ್ತೀನಿ, ರಸ್ತೇಲಲ್ಲ. ನಿಮ್ಮಿಬ್ರನ್ನೂ ಕರ್ಕೊಂಡಂತೂ ಸಾಯಲ್ಲ."

ಬೇರೆ ಗಾಡಿ ತರುತ್ತೇವೆ ಎಂದರೂ ಗೋಡೆಗೆ ಮುಖ ಮಾಡಿ ಮಲಗಿದರು. ಒಂದು ಸಲ ತಪ್ಪಿತು. ಮರುದಿನ ಅವರ ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ. ನರ್ಸಮ್ಮ ಫೋನ್ ಮಾಡಿ, "ಇವತ್ತೇ ಕರ್ಕೊಂಡು ಬನ್ನಿ, ಇನ್ನೊಂದು ತಪ್ಪಿದ್ರೆ ಉಸಿರಾಟಕ್ಕೇ ಬರುತ್ತೆ," ಎಂದರು. ನಿಜ ಹೇಳುತ್ತೇನೆ, ನಾನೂ ಅವರ ಪಕ್ಕದಲ್ಲೇ ಕೂತಿದ್ದೆ, ಬಾಲ ಅಲ್ಲಾಡುವುದು ನನಗೂ ಗೊತ್ತಾಗುತ್ತಿತ್ತು. ಗಂಡನ ಮುಂದೆ ಹೇಳಲು ಸಂಕೋಚವಾಗಿ ಸುಮ್ಮನಿದ್ದೆ.

ಅಂದು ಪಕ್ಕದ ಮನೆಯವರ ಗಾಡಿಯಲ್ಲಿ ಅತ್ತೆಯನ್ನು ಕಾಡಿ ಬೇಡಿ ಕರೆದುಕೊಂಡು ಹೋಗಿ ಬಂದೆವು. ಮಾರನೆಯ ಬೆಳಿಗ್ಗೆ ನಾನೇ ಹಟ ಮಾಡಿ ನಮ್ಮನೆಯವರ ಜೊತೆ ಕಾರಿನಲ್ಲಿ ಟೈರ್ ಅಂಗಡಿಗೆ ಹೋದೆ. ಆ ಅಂಗಡಿ ನಡೆಸುವವರು ಒಬ್ಬ ಹೆಂಗಸು. ಎಲ್ಲರೂ ಅವರನ್ನು ಸ್ಪ್ಯಾನರ್ ಅಕ್ಕ ಅನ್ನುತ್ತಾರೆ.

ನಾವು ಹೇಳಿದ್ದನ್ನೆಲ್ಲ ಕೇಳಿದ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಹಿಂದಿನ ಸೀಟಲ್ಲಿ ಯಾರು ಕೂರೋದು? ಅವರೆಲ್ಲಿ?"

"ಅಮ್ಮ ಮನೇಲಿದಾರೆ. ಅವರನ್ನ ಯಾಕಕ್ಕಾ? ಕಾರು ಇಲ್ಲೇ ಇದೆಯಲ್ಲ," ಎಂದರು ನಮ್ಮನೆಯವರು.

"ಹೊಟ್ಟೆನೋವು ಇರೋರನ್ನ ಬಿಟ್ಟು ಅವರ ಅಂಗಿ ತಂದು ತೋರಿಸ್ತೀಯೇನಪ್ಪಾ? ಕರ್ಕೊಂಡ್ ಬಾ."

ಪಕ್ಕದ ಮನೆಯವರ ಗಾಡಿಯಲ್ಲೇ ಅತ್ತೆಯನ್ನು ಕರೆತಂದೆವು. ಅವರಿಗೆ ಕುರ್ಚಿ ಹಾಕಿ ಕೂರಿಸಿ ಅಕ್ಕ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಯಾವ ಜಾಗದಲ್ಲಿ, ಎಷ್ಟು ಜನ ಕೂತಾಗ, ಏನು ಸದ್ದು ಎಂದೆಲ್ಲ ಕೇಳಿದರು.

"ಮೊದಲು ದಢ್ ಅಂತ ಒಂದೇಟು ಬೀಳುತ್ತಮ್ಮಾ. ಆಮೇಲೆ ಬಾಲ ಆಚೆ ಹೋಗುತ್ತೆ," ಎಂದರು ಅತ್ತೆ.

"ಏಟು ಮೊದಲು, ಜಾರೋದು ಆಮೇಲೆ. ಅರ್ಧ ಕೆಲಸ ನೀವೇ ಮಾಡಿಕೊಟ್ರಿ," ಎಂದು ಅಕ್ಕ ಎದ್ದರು. "ಅಮ್ಮಾ, ನಿಮ್ಮ ಜಡೆ ರಬ್ಬರ್ ಬ್ಯಾಂಡ್ ಸ್ವಲ್ಪ ಕೊಡ್ತೀರಾ?"

ಚಕ್ರದ ಕುಣಿತವನ್ನು ತಡೆಯುವ ಉದ್ದನೆಯ ಕೊಳವೆಗೆ ಶಾಕ್ ಅನ್ನುತ್ತಾರೆ. ಅದರೊಳಗೆ ಹೋಗಿ ಬರುವ ಹೊಳೆಯುವ ರಾಡಿಗೆ, ಕೊಳವೆಯ ಬಾಯಿಗೆ ತಾಗುವಂತೆ ಅಕ್ಕ ಆ ಬ್ಯಾಂಡನ್ನು ಬಿಗಿಯಾಗಿ ಸುತ್ತಿದರು. ರಾಡು ಒಳಗೆ ಹೋದಷ್ಟೂ ಬ್ಯಾಂಡ್ ಮೇಲಕ್ಕೆ ಸರಿಯುತ್ತದೆ, ಸರಿದಲ್ಲೇ ನಿಲ್ಲುತ್ತದೆ. ಮೊದಲು ನಮ್ಮನೆಯವರು ಒಬ್ಬರೇ ಅಂಗಡಿಯ ಮುಂದಿನ ರಸ್ತೆ ಉಬ್ಬಿನ ಮೇಲೆ ಮೆಲ್ಲಗೆ ಹೋಗಿ ಬಂದರು. ಬ್ಯಾಂಡ್ ಎರಡು ಬೆರಳು ಸರಿದಿತ್ತು.

"ನಾ ಹೇಳ್ಲಿಲ್ವಾ?" ಎಂದು ಮೀಸೆ ತಿರುವಿದರು.

ಅಕ್ಕ ಬ್ಯಾಂಡನ್ನು ಕೆಳಕ್ಕೆ ತಂದು, ಗಾಲಿಕುರ್ಚಿಯನ್ನು ಡಿಕ್ಕಿಗೆ ಹಾಕಿ, ನನ್ನನ್ನೂ, ಅತ್ತೆಯ ಬದಲು ತಮ್ಮ ಕೆಲಸದವಳನ್ನೂ ಹಿಂದೆ ಕೂರಿಸಿದರು. ಅದೇ ಉಬ್ಬು, ಅದೇ ವೇಗ. ವಾಪಸ್ ಬಂದು ನೋಡಿದರೆ ಬ್ಯಾಂಡ್ ರಾಡಿನ ತುತ್ತತುದಿಗೆ ಹೋಗಿ ಅಲ್ಲಿನ ರಬ್ಬರ್ ತಡೆಗೆ ಅಂಟಿಕೊಂಡಿತ್ತು.

"ನೋಡು ತಮ್ಮಾ. ನೀನೊಬ್ನೇ ಕೂತ್ರೆ ಹಿಂದೆ ಭಾರನೇ ಇರಲ್ಲ. ಇವರೆಲ್ಲ ಕೂತಾಗ ಸ್ಪ್ರಿಂಗ್ ಮುಗಿದೇ ಹೋಗುತ್ತೆ. ಆಮೇಲೆ ಕಾರು ನಿಂತಿರೋದು ಈ ರಬ್ಬರ್ ತುಂಡಿನ ಮೇಲೆ. ಉಬ್ಬು ಸಿಕ್ಕಿದ್ರೆ ಚಕ್ರ ಮೇಲೇಳೋಕೆ ಜಾಗ ಇಲ್ಲ, ಇಡೀ ಹಿಂಭಾಗನೇ ಎಗರುತ್ತೆ. ನಿನ್ನ ಮರಳಿನ ಚೀಲ ಬೇರೆ!"

ಆಮೇಲೆ ಅಕ್ಕ ನಮ್ಮನೆಯವರ ಕೈ ಹಿಡಿದು ಹಿಂದಿನ ಟೈರಿನ ಒಳಬದಿಯನ್ನು ಸವರಿಸಿದರು. ಹೊರಗಿನಿಂದ ಹೊಸದರಂತಿದ್ದ ಟೈರು ಒಳಗೆ ಬೋಳುತಲೆಯಷ್ಟು ನುಣುಪು! ಕಾರು ತಗ್ಗಿದಾಗ ಚಕ್ರಗಳು ಓರೆಯಾಗಿದ್ದವು, ಯಾರೂ ಅಲೈನ್‌ಮೆಂಟ್ ನೋಡಿಸಿರಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಅನ್ನುವುದು ಇದಕ್ಕೇ. ಒಂದು ಶಾಕ್ ಎಣ್ಣೆ ಸೋರಿಸಿಕೊಂಡಿತ್ತು. ಚಕ್ರದ ತೋಳಿನ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಜಾಕ್ ಮೇಲಿದ್ದಾಗಲೇ ಬಿಗಿ ಮಾಡಿದ್ದರಿಂದ, ಕಾರು ಕೆಳಗಿಳಿದಾಗ ಅವು ತಿರುಚಿಕೊಂಡು ಹರಿದಿದ್ದವು.

ನಮ್ಮನೆಯವರು ಬಹಳ ಹೊತ್ತು ಆ ಟೈರನ್ನು ಸವರುತ್ತಲೇ ಇದ್ದರು. ಆಮೇಲೆ ಹೋಗಿ ಅಮ್ಮನ ಊದಿದ ಕಾಲಿನ ಹತ್ತಿರ ನೆಲದ ಮೇಲೆ ಕೂತರು.

"ಅಮ್ಮಾ, ಇಪ್ಪತ್ತಾರು ವರ್ಷ ಬಸ್ಸಿನ ಹಿಂದೆ ನಿಂತೋಳು ನೀನು. ನಿನ್ನ ಮಾತು ಕೇಳ್ಲಿಲ್ವಲ್ಲ."

"ಹಿತ್ತಲ ಗಿಡ ಮದ್ದಲ್ಲ ಕಣೋ," ಎಂದು ಅತ್ತೆ ಅವರ ತಲೆಗೊಂದು ಮೊಟಕಿದರು. "ಮೊದಲು ನನ್ನ ರಬ್ಬರ್ ಬ್ಯಾಂಡ್ ಕೊಡು. ಕೂದಲು ಹಾರಾಡ್ತಿದೆ."

"ಕಾರು ತಗ್ಗಿಸ್ಲೇಬಾರ್ದಾ ಅಕ್ಕಾ?" ಎಂದು ನಮ್ಮನೆಯವರು ಸಣ್ಣ ದನಿಯಲ್ಲಿ ಕೇಳಿದರು.

"ತಗ್ಗಿಸೋದಾದ್ರೆ ಅದಕ್ಕಂತಲೇ ಮಾಡಿದ ಸ್ಪ್ರಿಂಗು, ಶಾಕು ಜೋಡಿಯಾಗಿ ಹಾಕ್ಬೇಕು. ನಿಯಮ ಒಪ್ಪುತ್ತಾ ಅಂತ ಮೊದಲೇ ವಿಚಾರಿಸ್ಬೇಕು. ಆದ್ರೆ ಕಾಯಿಲೆಯವರನ್ನ ಕೂರಿಸೋ ಕಾರಿಗೆ ಚಿರತೆ ವೇಷ ಯಾಕಪ್ಪಾ?"

ಹಳೆಯ ಎತ್ತರದ ಹೊಸ ಸ್ಪ್ರಿಂಗ್, ಶಾಕ್, ಬುಷ್, ಟೈರ್ ಬಂದವು. ಬುಷ್‌ಗಳ ಬೋಲ್ಟನ್ನು ಕಾರು ತನ್ನ ನಾಲ್ಕು ಚಕ್ರದ ಮೇಲೆ ನಿಂತ ಮೇಲೆಯೇ ಅಕ್ಕ ಬಿಗಿ ಮಾಡಿದರು. ಕೊನೆಗೆ ಅಲೈನ್‌ಮೆಂಟ್.

ಮುಂದಿನ ಡಯಾಲಿಸಿಸ್ ದಿನ ಅತ್ತೆ ತಾವೇ ಎದ್ದು ಬಂದು ಕಾರಿನಲ್ಲಿ ಕೂತರು. ನಮ್ಮನೆಯವರು ಕಾರು ಚಾಲೂ ಮಾಡಿದರೂ ಹೊರಡಲಿಲ್ಲ, ಕನ್ನಡಿಯಲ್ಲಿ ಅಮ್ಮನನ್ನೇ ನೋಡುತ್ತಿದ್ದರು. ಅತ್ತೆ ರೈಟ್ ಅನ್ನಲಿಲ್ಲ. ಹಾಗೇ ಹೊರಟೆವು. ಸೇತುವೆ ಇಳಿದೆವು, ತಿರುವು ಬಂತು, ಉಬ್ಬು ಬಂತು. ಹಿಂಭಾಗ ಒಮ್ಮೆ ಮೆಲ್ಲಗೆ ಬಗ್ಗಿ ಎದ್ದಿತು, ಅಷ್ಟೇ. ನನ್ನ ಕೈ ಹಿಡಿದಿದ್ದ ಅತ್ತೆ ಅದನ್ನು ಬಿಟ್ಟು ಬಾಗಿಲಿಗೆ ಎರಡು ಸಲ ತಟ್ಟಿದರು.

"ರೈಟ್!"

ನನಗೆ ಕಣ್ಣು ತುಂಬಿ ಬಂತು. ಸ್ಪ್ಯಾನರ್ ಅಕ್ಕನಿಗೆ ನಮ್ಮ ಮನೆ ಎಂದಿಗೂ ಋಣಿ. ಅದಕ್ಕಿಂತ ಹೆಚ್ಚಾಗಿ, ಯಾರೂ ನಂಬದಿದ್ದರೂ ತಮ್ಮ ಮಾತು ಬಿಡದ ನನ್ನ ಅತ್ತೆಗೆ.

ಈಗ ನಿಮಗೊಂದು ಮಾತು. ನಿಮ್ಮ ಕಾರನ್ನೂ ತಗ್ಗಿಸಿದ್ದೀರಾ? ಹಾಗಾದರೆ ಇವತ್ತೇ ಹಿಂದಿನ ಟೈರಿನ ಒಳಬದಿಗೆ ಕೈಯಾಡಿಸಿ. ಶಾಕ್ ಮೇಲೆ ಎಣ್ಣೆ ಇದೆಯೇ ನೋಡಿ. ಒಬ್ಬರೇ ಓಡಿಸಿ ಸರಿಯಿದೆ ಅನ್ನಬೇಡಿ, ದಿನಾ ಎಷ್ಟು ಜನ ಕೂರುತ್ತಾರೋ ಅಷ್ಟೂ ಜನರ ಭಾರದಲ್ಲಿ ತಿಳಿದವರಿಂದ ಪರೀಕ್ಷೆ ಮಾಡಿಸಿ. ಇದೆಲ್ಲಕ್ಕೂ ಮೊದಲು ಹಿಂದಿನ ಸೀಟಿನ ಕಡೆ ತಿರುಗಿ, "ನಿಮಗೆ ಹೇಗನ್ನಿಸುತ್ತೆ?" ಎಂದು ಒಮ್ಮೆ ಕೇಳಿ. ಅಲ್ಲಿಂದ ರೈಟ್ ಬಂದ ಮೇಲೆ ಹೊರಡಿ.