ಬೆದರುಬೊಂಬೆಯ ಹೊಟ್ಟೆಯ ಹುಲ್ಲು

ಗೋದಲಿಯಲ್ಲಿ ಒಂದು ಕಡ್ಡಿಯೂ ಉಳಿಯದ ಹಾಗೆ ಹಸುಗಳನ್ನು ಮೇಯಿಸುತ್ತಿದ್ದೇನೆಂದು ಭಾವ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದ.

ಚುಕ್ಕಿ ಮೊದಲಿನಿಂದಲೂ ಕಿಲಾಡಿ ಹಸು. ಮೂತಿಯಿಂದ ಮೇವು ಕೆದಕಿ, ಜೋಳದ ಹಿಟ್ಟನ್ನಷ್ಟೇ ನೆಕ್ಕಿ, ಒಣಹುಲ್ಲಿನ ಉದ್ದನೆಯ ಕಡ್ಡಿಗಳನ್ನು ಪಕ್ಕಕ್ಕೆ ತಳ್ಳಿಬಿಡುತ್ತಿತ್ತು. ಭಾವನಿಗೆ ಅದನ್ನು ಕಂಡರೆ ಮೈ ಉರಿ. ಮೇವು ಕತ್ತರಿಸುವ ಯಂತ್ರದ ಬ್ಲೇಡು ಬಿಗಿಮಾಡಿ, ಇದ್ದ ಬಣವೆಯನ್ನೆಲ್ಲ ಪುಡಿಗಟ್ಟಿ, ಹಿಟ್ಟಿಗೆ ಕಲಸಿ ಸುರಿದ.

"ಈಗ ಆರಿಸ್ಕೊಳ್ಲಿ ನೋಡೋಣ, ಮಹಾರಾಣಿ!"

ಮಹಾರಾಣಿ ಆರಿಸಲಿಲ್ಲ, ನುಂಗಿತು. ಅಗಿಯಲು ಏನೂ ಇಲ್ಲದೆ ಮೆಲುಕು ನಿಂತಿತು. ಬಾಯಿಗೆ ಜೊಲ್ಲು ಬರಲಿಲ್ಲ, ಹೊಟ್ಟೆಯೊಳಗೆ ಹುಳಿ ಏರಿತು, ಸಗಣಿ ನೀರಾಯಿತು. "ಇದು ಮೆಲುಕೇ ಹಾಕ್ತಿಲ್ಲ ಭಾವ" ಎಂದು ಬಾಮೈದ ಬಡಕೊಂಡ.

"ಹಾಲು ಜಾಸ್ತಿಯಾಗಿದೆ, ಕಣ್ಣು ಕಾಣಲ್ವಾ? ಅಷ್ಟೊಂದು ಚಿಂತೆ ಇದ್ರೆ ನೀನೇ ಕೂತ್ಕೊಂಡು ಮೆಲುಕು ಹಾಕು ಹೋಗೋ."

ಇವತ್ತು ಮಧ್ಯಾಹ್ನ ಚುಕ್ಕಿ ಮಲಗಿದ್ದು ಮೇಲೇಳಲೇ ಇಲ್ಲ. ದನದ ಡಾಕ್ಟರಮ್ಮ ಎಡಪಕ್ಕೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಆಲಿಸಿದರು.

"ಹೊಟ್ಟೆ ಸದ್ದೇ ಮಾಡ್ತಿಲ್ಲ. ಔಷಧಿ ಕುಡಿಸಿದ್ದೀನಿ. ಉದ್ದನೆ ಒಣಹುಲ್ಲು ಮುಂದಿಡಿ, ಬಾಯಾಡಿಸಿದ್ರೆ ಉಳೀತಾಳೆ. ಮಿಕ್ಕವಕ್ಕೂ ಈ ಪುಡಿ ನಿಲ್ಲಿಸಿ, ಇಲ್ಲಾಂದ್ರೆ ಅವೂ ಇದೇ ದಾರಿ."

"ಉದ್ದನೇದು ಎಲ್ಲಿಂದ ತರ್ಲಿ?" ಅಕ್ಕ ಗಂಡನ ಮುಖ ನೋಡದೆ ಕೇಳಿದಳು. ಬಾಟಲಿಯಲ್ಲಿ ಹಾಲು ಕುಡಿಸಿ ಚುಕ್ಕಿಯನ್ನು ಸಾಕಿದವಳು ಅವಳೇ. "ಹಲ್ಲಿಲ್ಲದ ಮುದುಕರಿಗೆ ಅರೆದಿಟ್ಟ ಹಾಗೆ ಎಲ್ಲಾನೂ ಅರೆದಿಟ್ಟಿದ್ದಾರಲ್ಲ!"

ಬಾಮೈದ ಅಕ್ಕಪಕ್ಕದ ಕೊಟ್ಟಿಗೆಗಳಿಗೆಲ್ಲ ಓಡಿದ. ಎಲ್ಲೆಲ್ಲೂ ಹಸಿಮೇವು, ಒಣಹುಲ್ಲು ಮಾತ್ರ ಇಲ್ಲ. ಬರಿಗೈಯಲ್ಲಿ ಹೊಲ ಹಾಯ್ದು ಬರುವಾಗ ಬೆದರುಬೊಂಬೆ ಕಂಡಿತು. ಭಾವನ ಹಳೇ ಅಂಗಿ ತೊಟ್ಟು, ಭಾವನ ಹಾಗೇ ಎದೆಯುಬ್ಬಿಸಿಕೊಂಡು ನಿಂತಿತ್ತು. ಮೊನ್ನೆ ಮೊನ್ನೆ ಉದ್ದನೆಯ ಒಣಹುಲ್ಲು ತುಂಬಿದ್ದು. ಅವನು ಅಂಗಿಯ ಕತ್ತಿನ ಪಟ್ಟಿ ಹಿಡಿದು ಹರಿದ. ಕೊಡಬೇಕೆಂದಿದ್ದ ಏಟನ್ನೆಲ್ಲ ಅದಕ್ಕೇ ಕೊಟ್ಟು, ಹೊಟ್ಟೆ ಬಗೆದು, ಬಾಚಿದಷ್ಟು ಬಾಚಿಕೊಂಡು ಓಡಿದ.

ಅಕ್ಕ ಚುಕ್ಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಲ್ಲಿನ ಎಳೆಗಳನ್ನು ತುಟಿಯೊಳಗೆ ತುರುಕಿದಳು. "ಒಂದ್ಸಲ ಅಗಿಯೇ, ನನ್ನಮ್ಮಾ. ಒಂದೇ ಒಂದ್ಸಲ."

ದವಡೆ ಒಮ್ಮೆ ಪಕ್ಕಕ್ಕೆ ಸರಿಯಿತು. ಅದು ವಾಪಸು ಬರಲಿಲ್ಲ. ಕಣ್ಣು ಹಾಗೇ ನಿಂತಿತು.

ಭಾವ ಬಾಮೈದನ ಕಡೆ ತಿರುಗಿದ. "ಏನಾದ್ರೂ ಅನ್ನೋ" ಎಂದ. "ಬಯ್ಯೋದಾದ್ರೂ ಬಯ್ಯೋ."

ಬಾಮೈದ ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಹಸು ಹಗ್ಗ ಜಗ್ಗಿಕೊಂಡು ಕತ್ತು ಚಾಚಿತು. ಚುಕ್ಕಿಯ ತುಟಿಯಿಂದ ಜೋತಾಡುತ್ತಿದ್ದ ಎಳೆಯನ್ನು ಎಳೆದುಕೊಂಡು ಕರಕರ ಅಗಿಯತೊಡಗಿತು. ಅದರಾಚೆಯದೂ ಕತ್ತು ಚಾಚಿತು. ಅಕ್ಕ ತೊಡೆಯ ಮೇಲಿನ ತಲೆಯನ್ನು ಮೆಲ್ಲಗೆ ಕೆಳಗಿಟ್ಟು, ಉಳಿದ ಹುಲ್ಲನ್ನು ಅವುಗಳ ಮುಂದೆ ಸುರಿದಳು. ಅದು ಯಾವ ಮೂಲೆಗೂ ಸಾಲದು.

"ಬ್ಲೇಡು ಸಡಿಲ ಮಾಡು" ಎಂದಷ್ಟೇ ಭಾವನಿಗೆ ಹೇಳಿ, ಬಾಮೈದ ಬೊಂಬೆಯ ಹುಲ್ಲು ತುಂಬಿದ ಕಾಲುಗಳನ್ನು ಕಿತ್ತು ತರಲು ಹೊಲದ ಕಡೆ ಮತ್ತೆ ಓಡಿದ.