ಕೈ ತುಂಬಿದೆ, ಬಾಗಿಲು ತೆಗಿ

ಪರದೆಯ ಮಡಿಕೆ ಬಿದ್ದ ಕಡೆಯೇ ಅಣ್ಣನ ಹಾಡಿನ ಸಾಲು ಬಂದು ಕೂತಿದೆ, ಕೈ ತುಂಬಿದೆ, ಬಾಗಿಲು ತೆಗಿ ಅನ್ನುವಲ್ಲಿ ಬಾಗಿಲು ಎಂಬ ಪದ ಸೊಟ್ಟಗಾಗಿದೆ, ಯಾರೂ ಸರಿಮಾಡುವುದಿಲ್ಲ, ಆರಾಧನೆಗೆ ಬಂದವರೆಲ್ಲ ಪಾಸ್ಟರ್ ಅಂಕಲ್ ಬಾಯನ್ನೇ ನೋಡುತ್ತಿದ್ದಾರೆ — ಈ ತಿಂಗಳೆಲ್ಲ ಅವರ ಪ್ರಸಂಗ ಇದೇ, ಜನ ಮೆಚ್ಚಿದ ಹಾಡುಗಳಲ್ಲಿ ಕರ್ತನ ದನಿ, ಇವತ್ತಿನದು ನಮ್ಮ ಸಭೆಯಲ್ಲೇ ಬೆಳೆದ ನಮ್ಮ ಹುಡುಗನ ಹಾಡು ಅಂತೆ, ನಮ್ಮ, ಎಷ್ಟು ಸಲೀಸಾಗಿ ಬಂತು ಆ ಮಾತು, ಪಾರ್ಟಿಗಳಲ್ಲಿ ಗಿಟಾರ್ ಬಾರಿಸುವವನು ಇಲ್ಲಿ ಹಾಡಕೂಡದು ಎಂದು ಇದೇ ಮೈಕನ್ನು ಅವನ ಕೈಯಿಂದ ಕಿತ್ತುಕೊಂಡವರು, ನಮ್ಮ ಮನೆ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಅಪ್ಪನಿಗೆ, ನೋಡಿ, ಅದನ್ನ ಬಿಡೋ ತನಕ ಮನೆಗೆ ಸೇರಿಸ್ಬೇಡಿ, ತಾನಾಗೇ ದಾರಿಗೆ ಬರ್ತಾನೆ ಎಂದವರು. ಈಗ ದಾರಿಗೆ ಬಂದವರು ಯಾರೋ. ಬಸ್ಸು, ಸಲೂನು, ಬಟ್ಟೆ ಅಂಗಡಿ, ಎಲ್ಲ ಕಡೆ ಅದೇ ಹಾಡು ಮೊಳಗಿದ ಮೇಲೆ ಇವರಿಗೆ ಅದರಲ್ಲಿ ಕರ್ತ ಕಾಣಿಸಿದ.

ಕೀಬೋರ್ಡಿನ ಮೇಲೆ ನನ್ನ ಬೆರಳು ಕಾಯುತ್ತಿವೆ, ನೀನೇ ನುಡಿಸ್ಬೇಕಮ್ಮ, ತಂಗಿ ಅಲ್ವಾ, ಹೇಗೂ ಮಾತಾಡೋ ಕಷ್ಟ ನಿಂಗಿಲ್ಲ ಅಂದರು ಪಾಸ್ಟರ್ ಅಂಕಲ್ — ಎಲ್ಲರೂ ನಕ್ಕರು, ನಾನೂ ನಕ್ಕೆ, ಬೈಗುಳವನ್ನೆಲ್ಲ ಡೈರಿಗೆ ಬಡಿಸಿ ಎದುರಿಗೆ ಹಲ್ಲು ಕಿರಿಯುವವಳು, ಥೂ. ಕೈ ತುಂಬಿದೆ ಅಂದ್ರೇನು ಪ್ರಿಯರೇ, ಆಶೀರ್ವಾದದಿಂದ ತುಂಬಿದ ಕೈ, ಬಾಗಿಲು ತಟ್ಟುತ್ತಿರೋನು ಕರ್ತನೇ — ಅಣ್ಣ ಅವತ್ತು ತಟ್ಟಲಿಲ್ಲ, ಒದ್ದ, ಒಂದು ಕೈಯಲ್ಲಿ ಗಿಟಾರ್, ಇನ್ನೊಂದರಲ್ಲಿ ಮೊದಲ ಸಂಪಾದನೆಯಲ್ಲಿ ಅಪ್ಪನಿಗೆಂದು ತಂದ ಶೂ ಡಬ್ಬಿ, ಮಟಮಟ ಮಧ್ಯಾಹ್ನ, ಗುಬ್ಬೀ, ಕೈ ತುಂಬಿದೆ, ಬಾಗಿಲು ತೆಗಿಯೇ ಎಂದು ನಗುತ್ತಾ ಕಾಲಿನಿಂದ ಟಕ್ ಟಕ್ ಟಕ್, ನಾನು ಎದ್ದೆ, ಅಪ್ಪ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಾರೆ, ಬಾಗಿಲಿಗೇ ಒದೀತಾನೆ, ಎಷ್ಟು ಕೊಬ್ಬು, ಕೂತ್ಕೋ ನೀನು. ಅಮ್ಮ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಟಕ್ ಟಕ್, ಆಮೇಲೆ ಬರೀ ಟಕ್, ಆಮೇಲೆ ಏನಿಲ್ಲ, ಮೆಟ್ಟಿಲ ಮೇಲೆ ಡಬ್ಬಿ — ಡಬ್ಬಿಗೆ ತೆರೆಯಿತು ಚಿಲಕ, ಡಬ್ಬಿ ಒಳಗೆ ಬಂತು. ಹೋದವನು ಇವತ್ತಿಗೂ ಬಂದಿಲ್ಲ. ಹಾಡು ಶುರುವಾಗುವುದೇ ಆ ಸದ್ದಿನಿಂದ, ಗಿಟಾರಿನ ಮರಕ್ಕೆ ಟಕ್ ಟಕ್ ಟಕ್, ಊರೆಲ್ಲ ಅದಕ್ಕೆ ಕುಣಿಯುತ್ತದೆ. ನನಗೂ ಅದರಲ್ಲಿ ಕರ್ತನೇ ಕಾಣುವುದು, ಅದೇ ನನ್ನ ಉರಿ, ಈ ಬೆಂಚುಗಳಲ್ಲಿ ಎಂದೂ ಬಾರದ ಪ್ರಾರ್ಥನೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅದನ್ನು ಕೇಳುವಾಗ ಬರುತ್ತದೆ, ಆದರೆ ಪಾಸ್ಟರ್ ಅಂಕಲ್, ಹೊರಗೆ ನಿಂತವನು ಕರ್ತನಾದರೆ ಒಳಗೆ ಚಿಲಕ ಹಿಡಿದವರು ಯಾರು, ಹಿಡಿಯಲು ಹೇಳಿಕೊಟ್ಟವರು ಯಾರು, ಅದನ್ನೂ ಹಾಕಿ ಪರದೆ ಮೇಲೆ. ಹೂಂ, ಶುರು ಮಾಡಮ್ಮ. ಒತ್ತಿದರೆ ಹಾಡು ಅವರದಾಗುತ್ತದೆ, ಒತ್ತದಿದ್ದರೆ — ಕೈಯೆತ್ತಿ ಮಡಿಲಲ್ಲಿಟ್ಟುಕೊಂಡೆ. ಏನಾಯ್ತಮ್ಮ, ಕರೆಂಟಿಲ್ವಾ. ಇದೆ, ನುಡಿಸಲ್ಲ ಅಂಕಲ್, ನನ್ನದೇ ದನಿ, ಮೈಕು ಅದನ್ನು ಎತ್ತಿ ಕೊನೆಯ ಬೆಂಚಿನವರೆಗೂ ಒಯ್ದಿತು. ಅಮ್ಮ ಕಣ್ಣು ಬಿಡುತ್ತಿದ್ದಾಳೆ, ಯಾರೋ ಕೆಮ್ಮಿದರು, ಮುಂದಿನ ಸಾಲಿನಲ್ಲಿ ಅಪ್ಪ ಏನೂ ಕೇಳಿಸಿಕೊಂಡಿಲ್ಲ, ಕಣ್ಣು ಮುಚ್ಚಿದ್ದಾರೆ, ಕೆನ್ನೆ ಒದ್ದೆ, ಹಾಡು ಶುರುವಾಗದಿದ್ದರೂ ತಾಳ ಹಾಕುತ್ತಿದ್ದಾರೆ, ಕಾಲಿನಿಂದ, ಬೆಂಚಿನ ಮರಕ್ಕೆ, ಟಕ್ ಟಕ್, ಅದೇ ಶೂ, ಪಾಲಿಶ್ ಮಿಂಚುವ ಕಪ್ಪು ಮೂತಿ, ಟಕ್, ಅದೇ ಶೂ, ಟಕ್